ಗಣಪತಿಯ ಮಣ್ಣು ತೆಗೆದ ಗುಂಡಿ

ಮಕ್ಕಳೇ, ಕಳೆದ ರಜೆಯಲ್ಲಿ ಮೂಡುಬಿದಿರೆಯಿಂದ ಬಂದಿದ್ದಾಗ ನೀವು ಫೋನಿನಲ್ಲಿ ಒಂದು ಫೋಟೋ ತೋರಿಸಿದಿರಿ. ನಮ್ಮ ಕ್ಲಬ್ಬಿನ ಕೆಸರುಗದ್ದೆ ಕ್ರೀಡಾಕೂಟದ್ದು. ಹಿಂದೆ ಬ್ಯಾನರು, ನಡುವೆ ಶಾಲು ಹೊದ್ದ ಅತಿಥಿಗಳು, ಅಕ್ಕಪಕ್ಕದಲ್ಲಿ ಪದಾಧಿಕಾರಿಗಳು. "ಅಜ್ಜಿ, ನೀವು ಎಲ್ಲಿ? ನಿಮ್ಮನ್ನು ಕರೀಲಿಲ್ವಾ?" ಎಂದು ದೊಡ್ಡವನು ಕೇಳಿದ. ಹಾಲು ಉಕ್ಕುತ್ತದೆ ಎಂದು ಹೇಳಿ ನಾನು ಒಳಗೆ ಹೋದೆ. ಒಲೆಯ ಮೇಲೆ ಹಾಲು ಇರಲಿಲ್ಲ.

ಹೇಳಲು ಹೊರಟರೆ ಸಿಟ್ಟು ಬಂದು ಮಾತು ಎಲ್ಲೆಲ್ಲೋ ಹೋಗುತ್ತದೆ. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು. ನಾಲ್ಕು ಜನರ ಎದುರು ಎದ್ದುನಿಂತು ಮಾತಾಡಿ ಅಭ್ಯಾಸವಿಲ್ಲ. ನಿಮ್ಮ ಅಜ್ಜ ಇದ್ದಾಗ ನನ್ನ ಪಾಲಿನ ಮಾತನ್ನೂ ಅವರೇ ಆಡಿಬಿಡುತ್ತಿದ್ದರು. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಅದಕ್ಕೇ ಬರೆಯುತ್ತೇನೆ. ನಾವು ಆಡಿದ ಮಾತೆಲ್ಲ ತುಳುವಿನದು; ಬರೆಯಲು ನನಗೆ ಬರುವುದು ಶಾಲೆಯಲ್ಲಿ ಕಲಿತ ಕನ್ನಡ.

ಮಳೆಗಾಲದ ಆಟಿ ತಿಂಗಳ ಒಂದು ಸೋಮವಾರ ಸಂಜೆ ಕ್ಲಬ್ಬಿನ ಕೋಣೆಯಲ್ಲಿ ಸಭೆ ಇತ್ತು. ಮುಂದಿನ ಭಾನುವಾರವೇ ಕ್ರೀಡಾಕೂಟ. ನಾನು ಮಹಿಳಾ ವಿಭಾಗದ ಸದಸ್ಯೆ. ಪ್ರತಿ ವರ್ಷ ನನ್ನ ಕೆಲಸ ಗಂಜಿ ಮತ್ತು ಹುರುಳಿ ಚಟ್ನಿ, ಅದರಲ್ಲಿ ನನಗೆ ಬೇಸರವೂ ಇರಲಿಲ್ಲ. ಆ ದಿನ ಕಾರ್ಯದರ್ಶಿ ಒಂದು ಕಾಗದ ನನ್ನ ಮುಂದೆ ಇಟ್ಟ. ಬಿ.ಸಿ.ರೋಡಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಹುಡುಗ ಅವನು. ನಿಮ್ಮ ಮಾವನ ಪ್ರಾಯ.

"ಅಕ್ಕ, ಈ ಸಲ ಅನುಮತಿಯ ಅರ್ಜಿಯ ಜೊತೆ ಇದೊಂದು ಹೊಸ ಶೀಟ್ ಕೊಡ್ಬೇಕಂತೆ. ಅಪಾಯದ ಅಂದಾಜು ಪಟ್ಟಿ. ಅದಕ್ಕೆ ಸುರಕ್ಷತಾ ಸಂಚಾಲಕರು ಅಂತ ಒಬ್ಬರು ಬೇಕು. ನಿಮ್ಮ ಹೆಸರು ಹಾಕಿದ್ದೇನೆ."

"ನನಗೆ ಅದೆಲ್ಲ ಎಂಥ ಗೊತ್ತುಂಟು ಮಾರಾಯ?"

"ಗೊತ್ತಿರಬೇಕಾದ್ದು ಏನೂ ಇಲ್ಲ. ತುಂಬಿಸಿ ಆಗಿದೆ. ಸೈನ್ ಒಂದು ಹಾಕಿದ್ರೆ ಆಯ್ತು."

ಅಧ್ಯಕ್ಷರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕರು. "ಅಕ್ಕನನ್ನೇ ಯಾಕೆ ಹಾಕಿದ್ದು ಗೊತ್ತುಂಟಾ? ಅಕ್ಕ ಮಾತಾಡುವುದೇ ಇಲ್ಲ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಈಗ ನೆನೆದರೆ ಅವರ ನಗುವಿಗಿಂತ ನನ್ನ ನಗುವೇ ನನಗೆ ಹೆಚ್ಚು ಸಿಟ್ಟು ತರಿಸುತ್ತದೆ.

ಆದರೂ ಪೆನ್ನು ಮುಟ್ಟಲು ಮನಸ್ಸಾಗಲಿಲ್ಲ. ಕನ್ನಡಕ ಮನೆಯಲ್ಲಿ ಉಂಟು, ನಾಳೆ ಕೊಡ್ತೇನೆ ಎಂದು ಸುಳ್ಳು ಹೇಳಿ ಕಾಗದವನ್ನು ಮಡಚಿ ತಂದೆ. ಕನ್ನಡಕ ನನ್ನ ಚೀಲದಲ್ಲೇ ಇತ್ತು.

ಮನೆಯಲ್ಲಿ ಜಗಲಿಯ ದೀಪದ ಕೆಳಗೆ ಕೂತು ಒಂದೊಂದೇ ಸಾಲು ಓದಿದೆ. ಮೊದಲನೆಯ ಅಪಾಯ: ನೆಲ ಜಾರುವುದು. ಅದಕ್ಕೆ ಕ್ರಮ: ನೆಲವನ್ನು ಸದಾ ಒಣಗಿಸಿ ಇಡಲಾಗುವುದು. ಕೆಸರುಗದ್ದೆಯ ನೆಲವನ್ನು! ಎರಡನೆಯದು: ಆಟಗಾರರು ಕಡ್ಡಾಯವಾಗಿ ರಬ್ಬರ್ ತಳದ ಶೂ ಧರಿಸತಕ್ಕದ್ದು. ಹುಡುಗ ಎಲ್ಲಿಯದೋ ಬ್ಯಾಡ್ಮಿಂಟನ್ ಕ್ಲಬ್ಬಿನ ಪಟ್ಟಿಯನ್ನು ತೆಗೆದು ಮೇಲೆ ನಮ್ಮ ಕ್ಲಬ್ಬಿನ ಹೆಸರು ಹಾಕಿದ್ದ. ಒಬ್ಬಳೇ ಇದ್ದರೂ ಜೋರಾಗಿ ನಕ್ಕುಬಿಟ್ಟೆ. ಕೊನೆಯ ಸಾಲಿಗೆ ಬಂದಾಗ ಆ ನಗು ಹೋಯಿತು. "ಹಿಂದಿನ ವರ್ಷಗಳಲ್ಲಿ ಆದ ಗಾಯಗಳು: ಇಲ್ಲ." ಕಳೆದ ವರ್ಷ ಹಗ್ಗಜಗ್ಗಾಟದಲ್ಲಿ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡ ಒಬ್ಬಳ ಕೈಯ ಸಿಪ್ಪೆ ಸುಲಿದುಹೋಗಿತ್ತು. ಇನ್ನೊಬ್ಬಳ ಅಂಗಾಲಿಗೆ ಬಾಟಲಿಯ ಚೂರು ಹೊಕ್ಕು ಏಳು ಹೊಲಿಗೆ ಬಿದ್ದಿತ್ತು. ಬಂಟ್ವಾಳದಲ್ಲಿ ಹೊಲಿಗೆ ಹಾಕಿಸುವಾಗ ಅವಳ ತಲೆಯನ್ನು ಹಿಡಿದುಕೊಂಡು ನಿಂತಿದ್ದವಳು ನಾನೇ. ಆ "ಇಲ್ಲ" ಎಂಬುದರ ಕೆಳಗೆ ನನ್ನ ಸಹಿ ಬೇಕಂತೆ.

ಲಾಯಿಲ ಊರಿನ ಅಜ್ಜಿಗೆ ಫೋನ್ ಮಾಡಿದೆ. ನಿಮ್ಮ ಅಜ್ಜನ ತಂಗಿ, ಆರೋಗ್ಯ ಸಹಾಯಕಿಯಾಗಿ ಊರೂರು ತಿರುಗಿ ನಿವೃತ್ತಳಾದವಳು. ಅವಳ ಬಾಯಿ ನಿಮಗೆ ಗೊತ್ತಲ್ಲ. ಮರುದಿನ ಮಧ್ಯಾಹ್ನದ ಬಸ್ಸಿಗೇ ಬಂದು ಇಳಿದಳು. ಕಾಗದ ಓದಿ, "ಅತ್ತಿಗೆ, ಇದನ್ನು ಬರೆದವನಿಗೆ ಗದ್ದೆ ಯಾವುದು ಗೋಡೌನ್ ಯಾವುದು ಅಂತ ಗೊತ್ತುಂಟಾ?" ಎಂದಳು. ಆಮೇಲೆ ಖಾಲಿ ಹಾಳೆ ತೆಗೆದು ಐದು ಅಂಕಣ ಎಳೆದು ಹೇಳಿಕೊಟ್ಟಳು: ಅಪಾಯ ಏನು, ಅದು ಯಾರಿಗೆ, ಆಗುವ ಸಂಭವ ಎಷ್ಟು, ಆದರೆ ಪೆಟ್ಟು ಎಷ್ಟು, ನಾವು ಏನು ಮಾಡುತ್ತೇವೆ. ಸಂಭವಕ್ಕೆ ಒಂದರಿಂದ ಐದು ಅಂಕ, ಪೆಟ್ಟಿಗೂ ಒಂದರಿಂದ ಐದು. ಎರಡನ್ನೂ ಗುಣಿಸಬೇಕು. ಹದಿನೈದು ದಾಟಿದರೆ, ಅದು ಸರಿಯಾಗುವವರೆಗೆ ಆಟ ಇಲ್ಲ.

"ಇದು ಪರೀಕ್ಷೆ ಪೇಪರ್ ಅಲ್ಲ ಅತ್ತಿಗೆ. ಗದ್ದೆಗೆ ಇಳಿದು ನೋಡಿ ಬರೆಯುವುದು. ಮನೆಯಲ್ಲಿ ಕೂತು ಬರೆದ್ರೆ ಅದು ಕತೆ ಆಗ್ತದೆ."

ಗದ್ದೆಗೆ ಇಳಿಯುವುದು ನನಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಎಷ್ಟೋ ವರ್ಷ ಭತ್ತದ ಸಸಿ, ನಮ್ಮ ನೇಜಿ, ನೆಟ್ಟವಳು. ನೇಜಿ ನೆಡುವಾಗ ನಾವು ಸಾಲಾಗಿ ಬಗ್ಗಿ ಹಿಂದೆ ಹಿಂದೆ ಹೆಜ್ಜೆ ಇಡುತ್ತೇವೆ. ಕೈ ಹೋಗದ ಒಂದು ಗೇಣು ಜಾಗವೂ ಉಳಿಯುವುದಿಲ್ಲ. ಬುಧವಾರ ಬೆಳಿಗ್ಗೆ ಅದೇ ಕ್ರಮದಲ್ಲಿ ಹುಡುಕಿದೆ. ಕಾಲಿಗೆ ದಪ್ಪದ ಗಂಬೂಟು, ಕೈಗೆ ರಬ್ಬರಿನ ಗವಸು, ಎರಡೂ ಲಾಯಿಲದವಳು ಚೀಲದಲ್ಲಿ ತಂದಿದ್ದು. ಅವಳು ಗದ್ದೆಯ ಅಂಚಿನ ಬದುವಾದ ಹುಣಿಯ ಮೇಲೆ ಕೊಡೆ ಹಿಡಿದು ನಿಂತು ನಾನು ಕೂಗಿ ಹೇಳಿದ್ದನ್ನು ಬರೆದುಕೊಂಡಳು.

ಆ ಗದ್ದೆಯಲ್ಲಿ ಈಗ ಬೇಸಾಯ ಇಲ್ಲ. ವರ್ಷಕ್ಕೊಮ್ಮೆ ಕ್ರೀಡಾಕೂಟಕ್ಕೆ ಟಿಲ್ಲರ್ ಹೊಡೆಸಿ ನೀರು ನಿಲ್ಲಿಸುತ್ತಾರೆ, ಅಷ್ಟೇ. ಬೇಸಾಯ ಇರುವ ಗದ್ದೆಯಾದರೆ ಯಾರೂ ಬಾಟಲಿ ಎಸೆಯುವುದಿಲ್ಲ. ಮೂರು ಬಾಟಲಿಯ ಬುಡ, ಒಂದು ತುಂಡು ಮುಳ್ಳುತಂತಿ ಸಿಕ್ಕಿತು. ನೀರಿನ ಪಂಪಿನ ವಯರು ಹುಣಿಯ ಮೇಲೆಯೇ ಬಿದ್ದಿತ್ತು. ಎರಡು ಕಡೆ ಜೋಡಿಸಿ ಟೇಪು ಸುತ್ತಿದ್ದು, ಅದೂ ಬಿಚ್ಚಿಕೊಂಡಿತ್ತು. ದೊಡ್ಡವರ ಓಟದ ಕೊನೆಗೆ ಆಟಗಾರರು ಹಾರಿ ಬೀಳುವ ಕಡೆ ಹುಣಿಗೆ ಕಲ್ಲು ಕಟ್ಟಿದ್ದರು. ಕಾರುಗಳು ನಿಂತರೆ ಆಂಬ್ಯುಲೆನ್ಸ್ ಬರುವ ದಾರಿ ಇಲ್ಲ. ಕಾಲಿಗೆ ಗಾಯ ಇದ್ದವರು ಕೆಸರಿಗೆ ಇಳಿದರೆ ಇಲಿಜ್ವರದ ಭಯ ಎಂದು ಲಾಯಿಲದವಳು ಎರಡು ಸಲ ಗೆರೆ ಎಳೆದು ಬರೆದಳು. ಹೀಗೆ ಪಟ್ಟಿಯಲ್ಲಿ ಹನ್ನೊಂದು ಅಪಾಯ ಆಯಿತು. ಸೊಂಟ ನೆಟ್ಟಗೆ ಮಾಡಿ ಹುಣಿಯ ಮೇಲೆ ಕೂತೆ. ಪರೀಕ್ಷೆಯಲ್ಲಿ ಪೂರಾ ಅಂಕ ಸಿಕ್ಕಿದಷ್ಟು ಸಂತೋಷವಾಗಿತ್ತು.

ಅವಳು ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತ ಸುಮ್ಮನೆ ಕೇಳಿದಳು, "ಈ ಸಲ ಗಣಪತಿಗೆ ಮಣ್ಣು ಎಲ್ಲಿಂದ ತೆಗೆದದ್ದು?"

ನಾನು ಗದ್ದೆಯಲ್ಲಿ ವೇದಿಕೆ ಕಟ್ಟಿದ್ದ ಮೂಲೆಯ ಕಡೆ ಕೈ ತೋರಿಸಿದೆ. ತೋರಿಸಿದ ಕೈ ಹಾಗೇ ನಿಂತಿತು.

ನಿಮಗೆ ಗೊತ್ತಲ್ಲ, ಚೌತಿಯ ಗಣಪತಿಯನ್ನು ಮಾಡಲು ನಮ್ಮ ಕ್ಲಬ್ಬಿನವರು ಇದೇ ಗದ್ದೆಯ ಮೂಲೆಯಿಂದ ಆವೆಮಣ್ಣು ತೆಗೆಯುವುದು. ಒಳ್ಳೆಯ ದಿನ ನೋಡಿ, ತೆಂಗಿನಕಾಯಿ ಒಡೆದು, ಹಾರೆಯಲ್ಲಿ ಅಗೆದು ನಾಲ್ಕು ಬುಟ್ಟಿ ಹೊರುತ್ತಿದ್ದರು. ಈ ವರ್ಷ ಮೂರ್ತಿ ದೊಡ್ಡದು, ಜೆಸಿಬಿ ತರಿಸಿದ್ದರು. ಆ ದಿನ ನಾನೂ ಅಲ್ಲಿದ್ದೆ, ಮಣ್ಣಿನ ಮೊದಲ ಮುದ್ದೆಗೆ ಕೈಮುಗಿದಿದ್ದೆ. ಅದು ಎಷ್ಟು ಆಳ ಹೋಯಿತು ಎಂದು ಒಬ್ಬರೂ ನೋಡಲಿಲ್ಲ. ನಮ್ಮ ತಲೆಯಲ್ಲಿ ಅದು ಗುಂಡಿಯೇ ಅಲ್ಲ, ದೇವರ ಮಣ್ಣು ತೆಗೆದ ಜಾಗ. ಆಮೇಲೆ ಟಿಲ್ಲರ್ ಹೊಡೆಯುವಾಗ ತೆಳ್ಳಗಿನ ಕೆಸರು ಹೋಗಿ ಅದರ ಮೇಲೆ ಮುಚ್ಚಿಕೊಂಡಿತ್ತು. ನೋಡಿದರೆ ಎಲ್ಲ ಒಂದೇ ಸಮ. ಗೇಣು ಗೇಣು ಹುಡುಕಿದ ನಾನು ಆ ಮೂಲೆಗೆ ಹೋಗಿಯೇ ಇರಲಿಲ್ಲ, ಹೋಗಬೇಕೆಂದು ತೋಚಲೂ ಇಲ್ಲ.

ಬಿದಿರಿನ ಗಳ ತಂದು ಹುಣಿಯ ಮೇಲಿನಿಂದಲೇ ಇಳಿಸಿದೆ. ಬೇರೆ ಕಡೆ ಮೊಣಕಾಲಿಗೆ ನಿಲ್ಲುವ ಗಳ ಅಲ್ಲಿ ಇಳಿಯುತ್ತಲೇ ಹೋಯಿತು. ಎತ್ತಿ ಪಕ್ಕದಲ್ಲಿ ಹಿಡಿದು ನೋಡಿದರೆ ಕೆಸರಿನ ಗುರುತು ನನ್ನ ಎದೆಯವರೆಗೆ. ಉದ್ದ ನಾಲ್ಕು ಹೆಜ್ಜೆ, ಅಗಲ ಮೂರು ಹೆಜ್ಜೆ. ಮಕ್ಕಳ ಓಟ ಮುಗಿಯುವುದು ಸರಿಯಾಗಿ ಅದರ ಮೇಲೆ, ಏಕೆಂದರೆ ಅತಿಥಿಗಳಿಗೆ ಚೆನ್ನಾಗಿ ಕಾಣಬೇಕಲ್ಲ. ಹತ್ತು ವರ್ಷದ ಒಳಗಿನವರ ಓಟದ ಪಟ್ಟಿಯಲ್ಲಿ ಇಪ್ಪತ್ತಮೂರು ಹೆಸರಿತ್ತು. ಕೊನೆಯ ಹೆಸರು ನಮ್ಮ ಚಿಕ್ಕವಳದ್ದು, ನಿಮ್ಮ ತಂಗಿಯದ್ದು, ಒಂದನೆಯ ಕ್ಲಾಸು; ಭಾನುವಾರ ಅಮ್ಮನ ಜೊತೆ ಬರುವವಳಿದ್ದಳು. ನಾನೇ ಕೊಟ್ಟದ್ದು.

"ಸಂಭವ ಐದು. ಪೆಟ್ಟು ಐದು," ಎಂದಳು ಲಾಯಿಲದವಳು. ಇಪ್ಪತ್ತೈದು ಎಂದು ಬರೆದು ಸುತ್ತ ವೃತ್ತ ಎಳೆದಳು. ಅದು ಹನ್ನೆರಡನೆಯ ನಂಬರು. ಹಳೆಯ ಕೆಂಪು ಸೀರೆ ಹರಿದು ಗೂಟಗಳಿಗೆ ಕಟ್ಟಿ ಗುಂಡಿಯ ಸುತ್ತ ನೆಟ್ಟು ಬಂದೆವು.

ಗುರುವಾರ ಒಬ್ಬಳೇ ಬಸ್ಸು ಹತ್ತಿ ಬಿ.ಸಿ.ರೋಡಿಗೆ ಹೋದೆ. ಕಾರ್ಯದರ್ಶಿಯ ಅಂಗಡಿಯ ಎದುರು ಕಂಡಕ್ಟರುಗಳ ಕೂಗಿಗೆ ನನ್ನ ಸ್ವರ ನನಗೇ ಕೇಳಿಸುತ್ತಿರಲಿಲ್ಲ. ಅವನು ಪಟ್ಟಿ ಓದಿದ. ಹೇಳುವುದನ್ನು ಹೇಳಬೇಕು, ಹನ್ನೊಂದಕ್ಕೆ ಸರಿ ಸರಿ ಎಂದ. ವಯರನ್ನು ಎತ್ತಿ ಕಟ್ಟಿಸುತ್ತೇನೆ, ಕಲ್ಲಿಗೆ ಹುಲ್ಲಿನ ಮೂಟೆ ಇಡಿಸುತ್ತೇನೆ ಎಂದ. ಹಾಗೆಯೇ ಮಾಡಿಸಿದ ಕೂಡ. ಹನ್ನೆರಡನೆಯದಕ್ಕೆ ಮುಖ ಸಣ್ಣದಾಯಿತು.

"ಅಕ್ಕ, ಇಪ್ಪತ್ತೈದು ಅಂತ ಕಂಡ್ರೆ ಅನುಮತಿ ಕೊಡುವುದಿಲ್ಲ. ಎರಡು ಮೂರ್ಲಿ ಆರು ಅಂತ ಹಾಕುವ."

"ಆರು ಅಂತ ಹಾಕಿದ್ರೆ ಗುಂಡಿ ತುಂಬ್ತದಾ?"

"ಜೆಸಿಬಿಯವನು ಸಿಗುವುದಿಲ್ಲ ಈಗ. ವೇದಿಕೆ ಆ ಬದಿಗೇ ಆಗಿದೆ, ಫ್ಲೆಕ್ಸ್ ಕೊಟ್ಟವರು ಅಲ್ಲೇ ಬೇಕು ಅಂತಾರೆ. ನೀವು ಎಂಥದಕ್ಕೆ ಅಕ್ಕ ತಲೆ ಬಿಸಿ ಮಾಡುವುದು?"

"ನನ್ನ ಸೈನ್ ಅಲ್ವಾ ಬೇಕಾದದ್ದು? ಅದಕ್ಕೇ."

ಪಟ್ಟಿಯ ಒಂದು ಪ್ರತಿ ಕೊಟ್ಟು, ಗುಂಡಿ ಮುಚ್ಚಿದ ದಿನ ಸಹಿ ಹಾಕ್ತೇನೆ ಎಂದು ಹೇಳಿ ಬಂದೆ. ಬಸ್ಸಿನಲ್ಲಿ ಪಟ್ಟಿಯನ್ನು ತೆಗೆದು ಮತ್ತೊಮ್ಮೆ ಓದಿದೆ. ಎದುರು ಮಾತಾಡಿ ಬಂದೆನಲ್ಲ ಎಂದು ಸ್ವಲ್ಪ ಜಂಬವೂ ಆಯಿತು.

ಶನಿವಾರ ಬೆಳಿಗ್ಗೆ, ಆಟಕ್ಕೆ ಮುಂಚೆ ಪೂಜೆಯಾಗಿ ಗದ್ದೆಗೆ ಹಾಲು ಎರೆಯುವ ಕ್ರಮ. ಎಲ್ಲರೂ ಸೇರಿದ್ದರು. ನಾನು ಹೋಗಿ ನೋಡಿದರೆ ಗೂಟವಿಲ್ಲ, ಕೆಂಪು ಬಟ್ಟೆಯಿಲ್ಲ. ಅವನ್ನೆಲ್ಲ ಕಟ್ಟಿ ಗಂಜಿಯ ಒಲೆಯ ಪಕ್ಕ ಸೌದೆಯ ರಾಶಿಗೆ ಹಾಕಿದ್ದರು. ಗುಂಡಿಯ ಮೇಲೆ ಕೆಸರು ಮೊದಲಿಗಿಂತ ನುಣುಪಾಗಿ ಹೊಳೆಯುತ್ತಿತ್ತು.

ಅಧ್ಯಕ್ಷರ ಹತ್ತಿರ ಹೋದೆ. ಅವರು ಇಪ್ಪತ್ತು ವರ್ಷ ಗಲ್ಫಿನಲ್ಲಿ ಕಟ್ಟಡದ ಕೆಲಸ ನೋಡಿಕೊಂಡಿದ್ದವರು. ಅಲ್ಲಿ ಒಂದು ಮೊಳ ಗುಂಡಿ ಇದ್ದರೂ ಸುತ್ತ ಬೇಲಿ ಹಾಕದೆ ಬಿಡುವುದಿಲ್ಲ ಎಂದು ನಮಗೆ ಎಷ್ಟು ಸಲ ಹೇಳಿದವರು!

"ಅಣ್ಣ, ಗೂಟ ಯಾರು ತೆಗೆದದ್ದು?"

"ನಾನೇ ತೆಗೆಸಿದ್ದು ಅಕ್ಕ. ಹಾಲು ಎರೆದ ಗದ್ದೆಗೆ ಗೂಟ ಹೊಡಿಲಿಕ್ಕೆ ಉಂಟಾ? ಫೋಟೋದಲ್ಲೂ ಚಂದ ಕಾಣುವುದಿಲ್ಲ."

"ಗಲ್ಫಿನಲ್ಲಿ ನೀವೇ ಬೇಲಿ ಹಾಕಿಸ್ತಿದ್ರಿ ಅಂತ ಹೇಳ್ತಿದ್ರಿ."

"ಅಲ್ಲಿ ಫೈನ್ ಹಾಕ್ತಾರೆ ಮಾರಾಯ್ರೆ. ಇದು ನಮ್ಮ ಊರು. ಗಣಪತಿಯ ಮಣ್ಣು ತೆಗೆದ ಜಾಗದಲ್ಲಿ ಮಕ್ಕಳಿಗೆ ಕೆಟ್ಟದಾಗ್ತದಾ? ನಿಮಗೆ ದೇವರ ಮೇಲೆ ನಂಬಿಕೆ ಉಂಟಾ ಇಲ್ವಾ?"

ಸುತ್ತ ಇದ್ದವರು ನನ್ನ ಮುಖ ನೋಡಿದರು. ದೇವರ ಹೆಸರು ಹೇಳಿ ಬಾಯಿ ಮುಚ್ಚಿಸುವವರಿಗೆ ಏನು ಹೇಳಬೇಕೆಂದು ನನಗೆ ಈಗಲೂ ಗೊತ್ತಿಲ್ಲ. ಕಾರ್ಯದರ್ಶಿ ಬೇರೆ ಕಡೆ ನೋಡುತ್ತಿದ್ದ. ಕೇಳಿದ್ದಕ್ಕೆ ಮೆಲ್ಲಗೆ ಹೇಳಿದ: ಅನುಮತಿ ಬಂದಾಗಿದೆ. ಕೊಟ್ಟದ್ದು ಮೊದಲಿನ ಪಟ್ಟಿಯನ್ನೇ. ನನ್ನ ಹೆಸರಿನ ಎದುರು "ಪರವಾಗಿ" ಎಂದು ಬರೆದು ಅವನೇ ಸಹಿ ಹಾಕಿದ್ದ. ಎಂದರೆ ಕಾಗದದಲ್ಲಿ ನಮ್ಮ ಕೆಸರುಗದ್ದೆಯ ನೆಲ ಒಣಗಿತ್ತು, ಮಕ್ಕಳೆಲ್ಲ ಶೂ ಹಾಕಿದ್ದರು, ಅದಕ್ಕೆ ಸಾಕ್ಷಿ ನಾನು.

ಮನೆಗೆ ಬಂದು ಅನ್ನ ಬಸಿದೆ. ಬಟ್ಟೆ ಒಗೆದೆ. ಸಿಟ್ಟಿಗೆ ಒಗೆಯುವ ಕಲ್ಲಿನ ಮೇಲೆ ಸೀರೆಯ ಅಂಚು ಹರಿಯಿತು. ಚಿಕ್ಕವಳ ಹೆಸರು ತೆಗೆಸಿಬಿಡುವ ಎಂದು ಮೊದಲು ಯೋಚಿಸಿದೆ. ಹೊಟ್ಟೆನೋವು ಎಂದರೆ ಆಯಿತು. ಆದರೆ ಇನ್ನು ಇಪ್ಪತ್ತೆರಡು ಹೆಸರು ಉಳಿಯುತ್ತದಲ್ಲ. ಅವರ ಅಜ್ಜಿಯರಿಗೆ ಗಳ ಇಳಿಸಿ ನೋಡಲು ಯಾರೂ ಹೇಳಿಲ್ಲ. ಲಾಯಿಲದವಳಿಗೆ ಫೋನ್ ಮಾಡಿ, "ನಾಳೆ ಬೆಳಿಗ್ಗೆ ಬಾ. ಬರುವಾಗ ಬಾವಿಯ ಹಗ್ಗ ತಾ," ಎಂದೆ.

"ಯಾರಿಗೆ ನೇಣು ಹಾಕ್ಲಿಕ್ಕೆ ಅತ್ತಿಗೆ?"

"ಬಾ, ಹೇಳ್ತೇನೆ."

ಭಾನುವಾರ ಗಂಜಿಯ ಕೆಲಸವನ್ನು ಬೇರೆಯವರಿಗೆ ವಹಿಸಿದೆ. ವೇದಿಕೆಯಲ್ಲಿ ದೀಪ ಹಚ್ಚಿ, ಪ್ರಾರ್ಥನೆ ಆಗಿ, ಶಾಲು ಹೊದಿಸುವುದು ನಡೆಯುತ್ತಿತ್ತು. ಮೊದಲ ಸ್ಪರ್ಧೆ ಪುಟ್ಟ ಮಕ್ಕಳ ಓಟ. ಆಚೆ ತುದಿಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಹಗ್ಗದ ಒಂದು ತುದಿಯನ್ನು ಹುಣಿಯ ತೆಂಗಿನ ಮರಕ್ಕೆ ಕಟ್ಟಿದೆವು, ಇನ್ನೊಂದನ್ನು ನನ್ನ ಸೊಂಟಕ್ಕೆ. ನಡುವೆ ಲಾಯಿಲದವಳು ಹಿಡಿದುಕೊಂಡಳು. "ಕ್ರಮ ಏನು ಅಂತ ಕೊನೆಯ ಅಂಕಣದಲ್ಲಿ ಬರೆಯಬೇಕಲ್ಲ, ಇದೇ ಕ್ರಮ," ಎಂದಳು. ನಗುವ ಪ್ರಯತ್ನ ಮಾಡಿದಳು, ಬರಲಿಲ್ಲ.

ಹುಣಿಯಲ್ಲಿ ಕೂತು, ಗಳ ಊರಿ, ಮೆಲ್ಲ ಇಳಿದೆ. ಎದೆಗೆ ನಿಲ್ಲುತ್ತದೆ ಎಂದುಕೊಂಡಿದ್ದೆ. ಗಳದ ತುದಿಗೆ ತಳ ಗಟ್ಟಿಯಾಗಿ ಸಿಕ್ಕಿದ್ದು ಬದಿಯಲ್ಲಿ ಮಾತ್ರ. ನಡುವೆ ಕಾಲು ಇನ್ನೂ ಇಳಿಯಿತು. ಕೆಸರು ಕುತ್ತಿಗೆಗೆ ಬಂತು. ತಣ್ಣಗೆ, ಭಾರ. ಕೈ ಎತ್ತಲು ಬಲ ಹಾಕಬೇಕಾಯಿತು. ಕಾಲನ್ನು ಒಂದು ಬೆರಳಿನಷ್ಟೂ ಕೀಳಲಾಗಲಿಲ್ಲ. ಜೀವಮಾನವಿಡೀ ಕೆಸರಿನಲ್ಲಿ ನಿಂತವಳಿಗೆ ಮೊದಲ ಸಲ ಕೆಸರಿನ ಭಯವಾಯಿತು.

ಆ ಹೊತ್ತಿಗೆ ಬ್ಯಾನರಿನ ಎದುರು ಫೋಟೋ ತೆಗೆಯುತ್ತಿದ್ದರು. ಲಾಯಿಲದವಳು ಒಂದು ಕೂಗು ಹಾಕಿದಳು. ಎಲ್ಲರೂ ತಿರುಗಿದರು. ಅಧ್ಯಕ್ಷರ ಕೈಯಲ್ಲಿ ಮೈಕು ಇತ್ತು, ಅದನ್ನು ಕೆಳಗಿಡಲು ಮರೆತೇ ಕೇಳಿದರು. ಇಡೀ ಬೈಲಿಗೆ ಕೇಳಿಸಿತು.

"ಅಕ್ಕ, ಇದೆಂಥ ನಾಟಕ ನಿಮ್ಮದು? ಮೇಲೆ ಬನ್ನಿ!"

ನಾನು ಮೈಕಿಲ್ಲದೆ ಅಷ್ಟು ಜೋರಾಗಿ ಮಾತಾಡಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. "ನಾಟಕ ಅಲ್ಲ ಅಣ್ಣ. ಹನ್ನೆರಡನೇ ನಂಬರು. ನಾನು ನಿಂತದ್ದು, ಮುಳುಗಿದ್ದಲ್ಲ. ನನಗೇ ಕುತ್ತಿಗೆಗೆ ಬಂತು. ಒಂದನೇ ಕ್ಲಾಸಿನ ಮಕ್ಕಳಿಗೆ ಎಲ್ಲಿಗೆ ಬರ್ತದೆ ಅಂತ ನೀವೇ ಒಬ್ಬರನ್ನು ತಂದು ನಿಲ್ಲಿಸಿ ನೋಡಿ!"

ಆಮೇಲೆ ಆಚೆ ತುದಿಯಲ್ಲಿ ಒಬ್ಬ ತಾಯಿ ಓಡಿಹೋಗಿ ತನ್ನ ಮಗುವನ್ನು ಸಾಲಿನಿಂದ ಎಳೆದುಕೊಂಡಳು. ಅವಳ ಹಿಂದೆ ಇನ್ನೊಬ್ಬಳು. ಸ್ವಲ್ಪ ಹೊತ್ತಿನಲ್ಲಿ ಸಾಲೇ ಇರಲಿಲ್ಲ.

ನನ್ನನ್ನು ಮೇಲೆ ಎಳೆಯಲು ಹಗ್ಗಜಗ್ಗಾಟಕ್ಕೆ ಬಂದಿದ್ದ ಒಂದು ತಂಡವೇ ಬೇಕಾಯಿತು. ಒಂದು ಗಂಬೂಟು ಒಳಗೇ ಉಳಿಯಿತು. ಮಕ್ಕಳ ಓಟವನ್ನು ಮೇಲಿನ ಗದ್ದೆಗೆ ಹಾಕಿದರು. ಗುಂಡಿಯ ಸುತ್ತ ಬಿದಿರು ನೆಟ್ಟು ಹಗ್ಗ ಕಟ್ಟಿದರು. ಕಾರ್ಯದರ್ಶಿ ತಾನೇ ಹೋಗಿ ಸೌದೆಯ ರಾಶಿಯಿಂದ ನನ್ನ ಕೆಂಪು ಬಟ್ಟೆಗಳನ್ನು ತಂದು ಅದಕ್ಕೆ ಕಟ್ಟಿದ, ನನ್ನ ಮುಖ ನೋಡಲಿಲ್ಲ. ಅಧ್ಯಕ್ಷರು ಮಾತ್ರ ಹತ್ತಿರ ಬಂದು, "ಅತಿಥಿಗಳ ಎದುರು ಮರ್ಯಾದೆ ತೆಗೆದ್ರಿ ಅಕ್ಕ," ಎಂದರು. ಚಿಕ್ಕವಳು ಆ ಓಟದಲ್ಲಿ ಕೊನೆಗೆ ಬಂದಳು. ನನ್ನ ಮೈಯ ಕೆಸರು ನೋಡಿ, ಅಜ್ಜಿಯೂ ಆಟಕ್ಕೆ ಸೇರಿದ್ದಾರೆ ಎಂದು ಚಪ್ಪಾಳೆ ತಟ್ಟಿದಳು.

ಸಂಜೆ ವಂದನಾರ್ಪಣೆಯಲ್ಲಿ ಮೈಕಿನಿಂದ ಬಂದ ಮಾತು ಇದು: "ಗಣಪತಿ ದೇವರ ದಯೆಯಿಂದ ಯಾವ ಅನಾಹುತವೂ ಇಲ್ಲದೆ ಕಾರ್ಯಕ್ರಮ ನೆರವೇರಿದೆ." ನಾನು ಪಾತ್ರೆ ತೊಳೆಯುತ್ತಿದ್ದೆ. ಸೌಟನ್ನು ಬಾಣಲೆಗೆ ಬಡಿದ ಶಬ್ದ ಜೋರಾಗಿ ಕೇಳಿರಬೇಕು. ನನಗೆ ಗಣಪತಿಯ ಹತ್ತಿರ ಜಗಳ ಇಲ್ಲ. ಜೆಸಿಬಿ ತಂದವನು ಅವನಲ್ಲ.

ಈಗ ನೀವು ಕೇಳಿದ ಫೋಟೋ. ಅದನ್ನು ಎರಡು ಬೆರಳಿನಲ್ಲಿ ದೊಡ್ಡದು ಮಾಡಿ. ಬ್ಯಾನರಿನ ಬಲಗಡೆ, ಅತಿಥಿಗಳ ಭುಜದ ಹಿಂದೆ, ಕೆಸರಿನ ಮೇಲೆ ಮಡಕೆ ಕವುಚಿ ಹಾಕಿದ ಹಾಗೆ ಒಂದು ಕಾಣುತ್ತದೆ. ಅದು ನನ್ನ ತಲೆ. ಕೆಸರು ಎಲ್ಲಿಗೆ ಬಂದಿದೆ ನೋಡಿಕೊಳ್ಳಿ. ನನ್ನ ಅಂಗಾಲಿನಿಂದ ಅಲ್ಲಿಗೆ ನಾಲ್ಕೂಕಾಲು ಅಡಿ, ಮನೆಗೆ ಬಂದು ಟೇಪಿನಲ್ಲಿ ಅಳೆದಿದ್ದೇನೆ. ಆಮೇಲೆ ಚಿಕ್ಕವಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಅವಳ ತಲೆಯ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಅದನ್ನೂ ಅಳೆಯಿರಿ.